ಬಸವಮ್ಮ ಹಾಕಿದ ಚಿಲಕ

ಬಡವನಹಳ್ಳಿಯ ಸುತ್ತಿನ ಊರುಗಳಲ್ಲಿ ಬಸುರಿಗೆ ನೋವು ಕಾಣಿಸಿಕೊಂಡರೆ ಮೊದಲು ಹೇಳಿಕಳಿಸುತ್ತಿದ್ದುದು ಕರೇಕಲ್ಲಹಳ್ಳಿಯ ಬಸವಮ್ಮನಿಗೆ. ಅವಳು ಕಸುಬಿನ ಸೂಲಗಿತ್ತಿಯಲ್ಲ. ಹೊಲ, ಎತ್ತು, ಕಣಜ ಇದ್ದ ಲಿಂಗವಂತರ ಮನೆಯ ಹೆಂಗಸು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಮಗ ಮಹಾಲಿಂಗಯ್ಯನನ್ನೂ ಮಗಳು ಜಗದಾಂಬಳನ್ನೂ ಒಬ್ಬಳೇ ಸಾಕಿದವಳು. ಹೆರಿಗೆ ಮಾಡಿಸುವ ವಿದ್ಯೆ ಅವಳಿಗೆ ಅತ್ತೆಯಿಂದ ಬಂದಿತ್ತು. ಹೊಟ್ಟೆಯ ಮೇಲೆ ಹರಳೆಣ್ಣೆ ಸವರಿ, ಕಣ್ಣು ಮುಚ್ಚಿ ಅಂಗೈ ಆಡಿಸಿ, ಮಗುವಿನ ತಲೆ ಎಲ್ಲಿದೆ, ಕಾಲು ಎಲ್ಲಿದೆ ಎಂದು ಹೇಳುತ್ತಿದ್ದಳು. ಅಡ್ಡ ಮಲಗಿದ ಮಗುವನ್ನು ಹೊರಗಿನಿಂದಲೇ ನೀವಿ ನೀವಿ ನೇರಕ್ಕೆ ತರುತ್ತಿದ್ದಳು. ಯಾರ ಮನೆಯಲ್ಲೂ ಎಲೆ ಅಡಿಕೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು, ಆ ಹೆಮ್ಮೆಯನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ತನ್ನ ಕೈಲಿ ಹುಟ್ಟಿದ ಮಕ್ಕಳು ಬೀದಿಯಲ್ಲಿ ಎದುರಾದರೆ ನಿಲ್ಲಿಸಿ, ನೀನು ಹುಟ್ಟುವಾಗ ಎಷ್ಟು ಕಾಡಿದೆ ಗೊತ್ತೇ ಎಂದು ಕಿವಿ ಹಿಂಡುತ್ತಿದ್ದಳು.

ಜೊತೆಗೆ ಎದುರು ಸಾಲಿನ ಬದರುನ್ನೀಸಾ ಹೋಗುತ್ತಿದ್ದಳು. ಅವಳ ಗಂಡ ಬಾಷಾ ಸಾಬ್ ಸಿರಾದಿಂದ ಬಂದು ಊರಿನಲ್ಲಿ ನೆಲೆಸಿದ್ದ, ಹತ್ತಿ ಹಿಂಜಿ ಹಾಸಿಗೆ ದಿಂಬು ಮಾಡಿಕೊಡುತ್ತಿದ್ದ. ಬದರುನ್ನೀಸಾ ನೀರು ಕಾಯಿಸುವುದು, ಬೆನ್ನು ಹಿಡಿಯುವುದು, ಮೈಲಿಗೆ ಬಟ್ಟೆ ಒಗೆಯುವುದು ಮಾಡುತ್ತಿದ್ದಳು. ಇಷ್ಟಾದರೂ ಬಸವಮ್ಮ ಅವಳನ್ನು ತನ್ನ ಮನೆಯ ಅಡಿಗೆಮನೆ ಹೊಸಿಲು ದಾಟಲು ಬಿಟ್ಟವಳಲ್ಲ. ಬದರುನ್ನೀಸಾ ದಾಟಲು ಹೋದವಳೂ ಅಲ್ಲ.

ಕಾಳಯುಕ್ತಿ ಸಂವತ್ಸರದಲ್ಲಿ ಮಳೆ ಕೈಕೊಟ್ಟಿತ್ತು. ದೂರದೇಶಗಳ ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಆ ವರ್ಷ ಬಸವಮ್ಮನ ಮನೆಯಲ್ಲಿ ಇಬ್ಬರು ಬಸುರಿಯರಿದ್ದರು. ಮಗಳು ಜಗದಾಂಬ ಕೊರಟಗೆರೆ ಕಡೆಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿದ್ದಳು. ಸೊಸೆ ಶಿವರುದ್ರಮ್ಮನ ತವರು ಪಾವಗಡದ ಆಚೆ, ವೈ.ಎನ್.ಹೊಸಕೋಟೆಯ ಹತ್ತಿರ. ಅವಳನ್ನು ಕರೆದೊಯ್ಯಲು ಅಪ್ಪ ಗಾಡಿ ತರಬೇಕಿತ್ತು. ನವರಾತ್ರಿ ಹತ್ತಿರ ಬಂದರೂ ಗಾಡಿ ಬರಲಿಲ್ಲ. ಆ ಮನೆಯವರೆಲ್ಲ ಜ್ವರ ಬಂದು ಮಲಗಿದ್ದಾರೆಂಬ ಸುದ್ದಿ ಆಮೇಲೆ ತಿಳಿಯಿತು.

ಅದನ್ನು ಜನ ಬೊಂಬಾಯಿ ಜ್ವರ ಎನ್ನುತ್ತಿದ್ದರು. ಪ್ಲೇಗಿನಂತೆ ಇಲಿ ಬೀಳಲಿಲ್ಲ, ಗಡ್ಡೆ ಏಳಲಿಲ್ಲ. ಬೆಳಿಗ್ಗೆ ಕಳೆ ಕೀಳುತ್ತಿದ್ದವನು ಮಧ್ಯಾಹ್ನ ಮೈಕೈ ನೋವೆಂದು ಕೂತು, ಸಂಜೆಗೆ ಮಾತು ತಪ್ಪಿ, ಮುಖ ನೀಲಿಗಟ್ಟಿ ಹೋಗುತ್ತಿದ್ದ. ಮುದುಕರಿಗಿಂತ ಪ್ರಾಯದವರನ್ನೇ ಹೆಚ್ಚು ಹಿಡಿಯಿತು. ಬಸುರಿಯರನ್ನು ಹಿಡಿದರೆ ಬಿಡುವುದೇ ಇಲ್ಲ ಎಂಬ ಮಾತು ಮಧುಗಿರಿಯಿಂದ ಸಂತೆಗೆ ಬಂದವರ ಬಾಯಲ್ಲಿ ಹಬ್ಬಿತ್ತು. ಮಹಾಲಿಂಗಯ್ಯ ಗಾಡಿ ಬಾಡಿಗೆಗೆ ತುಮಕೂರಿನ ಆಚೆ ಹೋದವನು ಎಲ್ಲೋ ಸಿಕ್ಕಿಕೊಂಡಿದ್ದ.

ಜಗದಾಂಬ ನವರಾತ್ರಿಯಲ್ಲಿ ಸುಖವಾಗಿ ಹೆತ್ತಳು. ಹೆಣ್ಣು ಮಗು. ಬಸವಮ್ಮನೇ ಹೊಕ್ಕುಳಬಳ್ಳಿ ಕತ್ತರಿಸಿ ನೀರು ಹಾಕಿದಳು. ಅದಾಗಿ ವಾರ ಕಳೆಯುವುದರೊಳಗೆ ಊರಿನಲ್ಲಿ ಮನೆಗೊಬ್ಬರಂತೆ ಮಲಗಿದರು. ಹೂಳುವವರು ಸಿಗುತ್ತಿರಲಿಲ್ಲ. ಹಿಂದೆ ಪ್ಲೇಗಿನಲ್ಲಿ ಮಾಡಿದ ಹಾಗೆ ಕೆಲವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬಸವಮ್ಮನೂ ಹೋಗುವುದೆಂದು ಮನಸ್ಸು ಮಾಡಿ ಬಟ್ಟೆಬರೆ ಗಂಟು ಕಟ್ಟಿದ್ದಳು. ಅಷ್ಟರಲ್ಲಿ ರಾಗಿ ಬೀಸುತ್ತಿದ್ದ ಶಿವರುದ್ರಮ್ಮ ಕೈ ಬಿಟ್ಟು ಗೋಡೆಗೆ ಒರಗಿದಳು. ಮುಟ್ಟಿ ನೋಡಿದರೆ ಹಂಚಿನಂತೆ ಸುಡುತ್ತಿತ್ತು.

ಬೆಳಗಾಗುವವರೆಗೆ ಬಸವಮ್ಮ ಒಲೆಯ ಮುಂದೆ ಕೂತಿದ್ದಳು. ಒಂದು ಕೋಣೆಯಲ್ಲಿ ಹಸಿ ಬಾಣಂತಿ ಮಗಳು, ಇನ್ನೊಂದರಲ್ಲಿ ದಿನ ತುಂಬಿದ ಸೊಸೆ. ಇಬ್ಬರ ನಡುವೆ ಓಡಾಡಿದರೆ ಜ್ವರವನ್ನು ತಾನೇ ಹೊತ್ತು ತಂದು ಮಗಳಿಗೆ ಕೊಟ್ಟಂತಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಆ ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕದ ಕೆಳಗೆ ಇನ್ನೊಂದಿತ್ತು. ಒಬ್ಬಳನ್ನೇ ಉಳಿಸಿಕೊಳ್ಳಬಹುದಾದರೆ ಅದು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳಾಗಲಿ ಎಂದು ಅವಳು ಆಗಲೇ ಗೊತ್ತು ಮಾಡಿಕೊಂಡಿದ್ದಳು.

ಬೆಳಿಗ್ಗೆ ಸೊಸೆಯ ತಲೆದೆಸೆಯಲ್ಲಿ ನೀರಿನ ಗಡಿಗೆ, ರಾಗಿ ಗಂಜಿ ಇಟ್ಟಳು.

"ಇವಳ್ನ ಹೊಲದ ಗುಡ್ಲಲ್ಲಿ ಬುಟ್ಟು ಬತ್ತೀನಿ ಕಣಮ್ಮ. ದನ ಬರೋ ಹೊತ್ಗೆ ಬಂದ್ಬುಡ್ತೀನಿ" ಎಂದಳು.

ಶಿವರುದ್ರಮ್ಮ ಹೂಂ ಎಂದಳು. ಅತ್ತೆಯ ಮಾತನ್ನು ನಂಬಿದಳು. ಬಸವಮ್ಮ ಮಗಳನ್ನೂ ಮೊಮ್ಮಗಳನ್ನೂ ಹೊರಗೆ ಕಳಿಸಿ ಬಾಗಿಲು ಎಳೆದಳು. ಎಳೆದವಳು ಹಾಗೇ ಹೋಗಬಹುದಿತ್ತು. ಜ್ವರದ ಅಮಲಿನಲ್ಲಿ ಸೊಸೆ ಎದ್ದು ತಮ್ಮ ಹಿಂದೆಯೇ ಬಂದುಬಿಟ್ಟರೆ ಎಂಬ ಭಯ ಬಂತು. ಹೊರಗಿನಿಂದ ಸರಪಳಿ ಎತ್ತಿ ಚಿಲಕಕ್ಕೆ ಸಿಕ್ಕಿಸಿದಳು.

ದನ ಬರುವ ಹೊತ್ತಾಯಿತು, ಅವಳು ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡಳು. ಮರುದಿನ ಕೆರೆ ಏರಿಯವರೆಗೆ ಬಂದಳು. ಅಲ್ಲಿಂದ ಊರು ಕಾಣುತ್ತಿತ್ತು. ಒಂದೆರಡು ಮನೆಗಳ ಮೇಲೆ ಬಿಟ್ಟರೆ ಹೊಗೆಯೇ ಇರಲಿಲ್ಲ. ಏರಿಯ ಮೇಲೆ ಒಬ್ಬ ಮುದುಕ ಒಂಟಿಯಾಗಿ ಕೈಗಾಡಿಯಲ್ಲಿ ಹೆಣ ತಳ್ಳಿಕೊಂಡು ಬರುತ್ತಿದ್ದ. ಅವನು ಹತ್ತಿರ ಬರುವ ಮೊದಲೇ ಬಸವಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ತಿರುಗಿ ನಡೆದಳು. ಸೊಸೆ ಹೇಗಿದ್ದಾಳೆಂದು ಅವನನ್ನು ಕೇಳಬಹುದಿತ್ತು, ಕೇಳಲಿಲ್ಲ. ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಈಗ ಹೋಗಿ ಮಾಡುವುದೇನು ಎಂದು ತನಗೆ ತಾನೇ ಹೇಳಿಕೊಂಡಳು. ಸೊಸೆ ಸತ್ತಿರಲಿ ಎಂದು ಒಂದು ಗಳಿಗೆ ಬಯಸಿದ್ದೂ ಉಂಟು. ಬದುಕಿದ್ದರೆ ಅವಳ ಮುಖ ನೋಡಬೇಕಲ್ಲ ಎಂಬುದೇ ಅದಕ್ಕೆ ಕಾರಣ.

ಜ್ವರ ಗುಡಿಸಲಿಗೂ ಬಂತು. ಯಾರು ಹೊತ್ತು ತಂದರೆಂದು ಹೇಳುವುದು ಹೇಗೆ? ಜಗದಾಂಬ ಎರಡೇ ದಿನ ಕೆಮ್ಮಿ, ನೊರೆನೊರೆಯಾಗಿ ರಕ್ತ ಕಾರಿ, ಅಮ್ಮನ ತೊಡೆಯ ಮೇಲೆ ತೀರಿಕೊಂಡಳು. ಪಕ್ಕದ ಹೊಲದಲ್ಲಿದ್ದವರು ಗುಂಡಿ ತೋಡಿ ಕೊಟ್ಟರು, ಹತ್ತಿರ ಬರಲಿಲ್ಲ. ಬಸವಮ್ಮನೇ ಮಗಳನ್ನು ಇಳಿಸಿ ಮಣ್ಣು ಎಳೆದಳು.

ಉಳಿದಿದ್ದು ಮಗು. ಮೇಕೆ ಹಾಲಿಗೆ ನೀರು ಬೆರೆಸಿ, ಬಟ್ಟೆಯ ಬತ್ತಿ ಅದ್ದಿ ಬಾಯಿಗಿಟ್ಟಳು. ಕುಡಿದದ್ದೆಲ್ಲ ಕಕ್ಕಿತು. ಭೇದಿ ಶುರುವಾಯಿತು. ನೆತ್ತಿ ಗುಳಿ ಬಿತ್ತು, ಅಳುವ ದನಿ ಬೆಕ್ಕಿನ ಮರಿಯದಂತೆ ಸಣ್ಣಗಾಯಿತು. ಎಷ್ಟೋ ಕೂಸುಗಳನ್ನು ನೋಡಿದ್ದ ಬಸವಮ್ಮನಿಗೆ ಈ ಕೂಸು ಇನ್ನೊಂದು ದಿನ ದಾಟುವುದಿಲ್ಲವೆಂದು ಗೊತ್ತಾಯಿತು. ಅದನ್ನು ಎದೆಗವಚಿಕೊಂಡು, ಎಲ್ಲಾದರೂ ಹಾಲು ಕೊಡುವ ತಾಯಿ ಸಿಕ್ಕಾಳೆಂದು ಊರಿನ ಕಡೆ ನಡೆದಳು.

ಅವಳ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅಡಿಗೆಮನೆಯಲ್ಲಿ ಬದರುನ್ನೀಸಾ ಒಲೆ ಊದುತ್ತಿದ್ದಳು. ಬಸವಮ್ಮ ಹೊಸಿಲಿನ ಹೊರಗೇ ನಿಂತಳು. ಬದರುನ್ನೀಸಾ ತಿರುಗಿ ನೋಡಿ, ಅವಳ ಕೈಯ ಮಗುವನ್ನೂ ಅವಳ ಹಿಂದೆ ಯಾರೂ ಇಲ್ಲದ್ದನ್ನೂ ಕಂಡು, ಊದುಗೊಳವೆ ಕೆಳಗಿಟ್ಟಳು. ತಾನೇ ಹೇಳಿದಳು. ನೀವು ಹೋದ ದಿನ ಮಧ್ಯಾಹ್ನ ಬಾಗಿಲು ಬಡಿಯುವ ಸದ್ದು ಕೇಳಿ ಬಂದು ಚಿಲಕ ತೆಗೆದೆ ಎಂದಳು. ಆ ಸಂಜೆಯೇ ನೋವು ಎದ್ದಿತಂತೆ. ಬಾಷಾ ಸಾಬ್ ನಿಮ್ಮನ್ನು ಹುಡುಕಿಕೊಂಡು ಕೆರೆಯಾಚೆ ಹೊಲಗಳ ಕಡೆ ಹೋದ, ಕತ್ತಲಲ್ಲಿ ಯಾವ ಗುಡಿಸಲೆಂದು ತಿಳಿಯದೆ ವಾಪಸು ಬಂದ ಎಂದಳು.

"ಬಚ್ಚಾ ಉಲ್ಟಾ ಇತ್ತು ಬಸವಮ್ಮೋರೆ, ಕಾಲು ಮುಂದೆ. ನನ್ಗೆ ತಿರುಗ್ಸೋಕೆ ಬರಲ್ಲ. ನೀವು ಇದ್ದಿದ್ರೆ..." ಎಂದವಳು ಅಲ್ಲಿಗೆ ನಿಲ್ಲಿಸಿ ಒಲೆಯ ಕಡೆ ತಿರುಗಿದಳು. ಆಮೇಲೆ, ಕೂಸು ಎರಡು ದಿನ ಉಸಿರಾಡಿತೆಂದೂ, ಬೇರೆ ಗಂಡಸರಿಲ್ಲದೆ ತನ್ನ ಗಂಡನೇ ಮಣ್ಣು ಮಾಡಿ ಬಂದನೆಂದೂ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದೂ ಮೆಲ್ಲಗೆ ಹೇಳಿದಳು. ಬಸವಮ್ಮನಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಶಿವರುದ್ರಮ್ಮ ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಗುರುತು ಸಿಗದಷ್ಟು ಇಳಿದುಹೋಗಿದ್ದಳು. ಹಾಲು ಬತ್ತಲೆಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಬಸವಮ್ಮ ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಮಗು ಆ ಸಣ್ಣ ದನಿಯಲ್ಲಿ ಅತ್ತಿತು. ಶಿವರುದ್ರಮ್ಮನ ಎದೆಯ ಬಟ್ಟೆ ನೋಡನೋಡುತ್ತಲೇ ಒದ್ದೆಯಾಯಿತು.

"ಇತ್ತ ಕೊಡಿ" ಎಂದಳು.

ಮಗುವನ್ನು ತೆಗೆದುಕೊಂಡು, ಕಟ್ಟು ಸಡಿಲಿಸಿ, ಗೋಡೆಯ ಕಡೆ ತಿರುಗಿ ಕೂತಳು. ಮಗುವಿಗೆ ಚೀಪಲು ಶಕ್ತಿಯಿರಲಿಲ್ಲ. ಅವಳೇ ಹಾಲು ಹಿಂಡಿ ಬಾಯಿಗೆ ಬಿಟ್ಟಳು. ಎಷ್ಟೋ ಹೊತ್ತಾದ ಮೇಲೆ ಅದು ಕಚ್ಚಿ ಕುಡಿಯತೊಡಗಿತು. ಬಸವಮ್ಮ ನಿಂತೇ ಇದ್ದಳು.

"ಚಿಲಕ ನೀವೇ ಹಾಕಿದ್ರಾ ಅತ್ತೆ?" ಎಂದು ಶಿವರುದ್ರಮ್ಮ ತಿರುಗದೆಯೇ ಕೇಳಿದಳು.

"ನಾಯಿ ಗೀಯಿ ನುಗ್ಗತ್ತೆ ಅಂತ..." ಎಂದಳು ಬಸವಮ್ಮ. ಹೇಳುತ್ತಿದ್ದಂತೆಯೇ ಆ ಸುಳ್ಳು ಅವಳ ಕಿವಿಗೇ ಕೇಳಿಸಿತು.

"ಕೂಗ್ತಾ ಇದ್ದೆ ನಾನು" ಎಂದಳು ಶಿವರುದ್ರಮ್ಮ. ಮತ್ತೆ ಆ ಮಾತು ಎತ್ತಲಿಲ್ಲ.

ಜ್ವರ ದೀಪಾವಳಿ ಕಳೆದ ಮೇಲೆ ಬಂದ ಹಾಗೆಯೇ ಹೋಯಿತು. ಮಹಾಲಿಂಗಯ್ಯ ಒಣಗಿದ ಎತ್ತುಗಳೊಂದಿಗೆ ಮರಳಿ ಬಂದ. ತಾನು ಹೊಲದಲ್ಲಿ ಮಗಳನ್ನು ನೋಡಿಕೊಳ್ಳುತ್ತಿದ್ದಾಗ ಸೊಸೆಗೆ ಇಲ್ಲಿ ಹೀಗಾಯಿತು, ಅವಳನ್ನು ಎತ್ತಿಕೊಂಡು ಹೋಗುವ ಸ್ಥಿತಿಯಿರಲಿಲ್ಲ ಎಂದು ಬಸವಮ್ಮ ಮಗನಿಗೆ ಹೇಳಿದಳು. ಶಿವರುದ್ರಮ್ಮ ಅಲ್ಲೇ ಮಗುವಿಗೆ ಹಾಲೂಡುತ್ತಿದ್ದಳು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕೊರಟಗೆರೆಯ ಅಳಿಯ ಬೇರೆ ಮದುವೆಯಾದ, ಮಗುವನ್ನು ಕೇಳಲಿಲ್ಲ. ಮಗುವಿಗೆ ಸಿದ್ದಗಂಗಮ್ಮ ಎಂದು ಹೆಸರಿಟ್ಟರು. ಮಾತು ಕಲಿತಾಗ ಅದು ಶಿವರುದ್ರಮ್ಮನನ್ನೇ ಅವ್ವ ಎಂದಿತು.

ಬಸವಮ್ಮ ಹೆರಿಗೆಗೆ ಹೋಗುವುದನ್ನು ಬಿಟ್ಟಳು. ಯಾರಾದರೂ ಕರೆಯಲು ಬಂದರೆ ಕೈ ನಡುಗುತ್ತದೆ ಎನ್ನುತ್ತಿದ್ದಳು. ಮೊದಮೊದಲು ಜನ, ಪಾಪ, ಮಗಳ ಕೊರಗು ಎಂದುಕೊಂಡರು. ಆಮೇಲೆ ಬದರುನ್ನೀಸಾಳನ್ನೇ ಕರೆಯತೊಡಗಿದರು. ಮಗು ತಿರುಗಿಸುವುದನ್ನು ಹೇಳಿಕೊಡಿ ಎಂದು ಬದರುನ್ನೀಸಾ ಒಂದು ಮಧ್ಯಾಹ್ನ ಬಂದು ಕೇಳಿದಾಗ ಬಸವಮ್ಮ ಅವಳನ್ನು ಅಡಿಗೆಮನೆಯಲ್ಲೇ ಕೂರಿಸಿಕೊಂಡು, ಹಿಟ್ಟಿನ ಚೀಲದೊಳಗೆ ಸೌತೆಕಾಯಿ ಹುದುಗಿಸಿಟ್ಟು, ಕೈ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ತೋರಿಸಿಕೊಟ್ಟಳು. ಅವಳ ಕೈ ನಡುಗಲಿಲ್ಲ. ಬದರುನ್ನೀಸಾ ಅದನ್ನು ನೋಡಿದಳು.

ಮುಂದೆ ಶಿವರುದ್ರಮ್ಮ ಎರಡು ಗಂಡು ಹೆತ್ತಳು. ಎರಡು ಸಲವೂ ಬದರುನ್ನೀಸಾಳನ್ನೇ ಕರೆಸಿದಳು. ಬಸವಮ್ಮ ಹಿತ್ತಲಲ್ಲಿ ನೀರು ಕಾಯಿಸುತ್ತ, ಒಳಗಿನ ನರಳಾಟಕ್ಕೆ ಕಿವಿಯಾಗಿ ಕೂತಿದ್ದಳು. ಯಾವ ಗಳಿಗೆಯಲ್ಲಿ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಬಾ ಎಂದು ಯಾರೂ ಕರೆಯಲಿಲ್ಲ. ತಾನಾಗಿ ಏಳುವ ಮುಖ ಅವಳಿಗಿರಲಿಲ್ಲ.

ಅತ್ತೆ ಸೊಸೆ ಜಗಳವಾಡಿದ್ದನ್ನು ಊರಿನವರು ಕಾಣರು. ಬಸವಮ್ಮ ಸೊಸೆಗೆ ಒಂದು ಬಿರುಸು ಮಾತನ್ನೂ ಆಡಿದವಳಲ್ಲ. ಎಲ್ಲರೂ ಒಳ್ಳೆಯ ಅತ್ತೆ ಎಂದರು. ತಾಯಿಯಿಲ್ಲದ ಮೊಮ್ಮಗಳನ್ನು ಸಾವಿನ ಬಾಯಿಂದ ಎತ್ತಿ ತಂದವಳೆಂದು ಹೊಗಳಿದರು. ಪಟ್ಟನಾಯಕನಹಳ್ಳಿ ಕಡೆಯ ಒಂದು ಮನೆಗೆ ಸಿದ್ದಗಂಗಮ್ಮನನ್ನು ಕೊಟ್ಟಾಗ, ಧಾರೆಯ ನಂತರ ಗಂಡಿನ ಕಡೆಯ ಹಿರಿಯರು ಬಸವಮ್ಮನನ್ನು ಮಣೆಯ ಮೇಲೆ ಕೂರಿಸಿ, ಆ ಜ್ವರದ ಕಾಲದಲ್ಲಿ ಈ ಕೂಸನ್ನು ಉಳಿಸಿದ ತಾಯಿ ಎಂದು ಎಲ್ಲರೆದುರು ಹೇಳಿ ಸೀರೆ ಹೊದಿಸಿದರು. ಉಳಿಸಿದವಳು ನಾನಲ್ಲ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಪಂಕ್ತಿಯಲ್ಲಿ ಶಿವರುದ್ರಮ್ಮ ಬಗ್ಗಿ ಅನ್ನ ಬಡಿಸುತ್ತಿದ್ದುದು ಕಾಣುತ್ತಿತ್ತು. ಚಪ್ಪರದ ಅಂಚಿನಲ್ಲಿ ಬದರುನ್ನೀಸಾ ನಿಂತಿದ್ದಳು. ಬಸವಮ್ಮ ಸೀರೆಯನ್ನು ಕಣ್ಣಿಗೊತ್ತಿಕೊಂಡು, ತಲೆ ತಗ್ಗಿಸಿ, ಎದ್ದು ಹೋದಳು. ಜನ ಅದನ್ನು ವಿನಯವೆಂದು ತಿಳಿದರು.

ಸಿದ್ದಗಂಗಮ್ಮ ಚೊಚ್ಚಲು ಬಾಣಂತನಕ್ಕೆ ಬಂದಾಗ ಕಾಲ ಬದಲಾಗಿತ್ತು. ಮಧುಗಿರಿಯ ಆಸ್ಪತ್ರೆಯಲ್ಲಿ ಹೆರಿಗೆಗೆ ಬೇರೆ ಕೋಣೆ, ಕಲಿತ ನರ್ಸಮ್ಮ ಇದ್ದರು. ಅಲ್ಲಿಗೇ ಕರೆದೊಯ್ಯುವುದೆಂದು ಶಿವರುದ್ರಮ್ಮ ಗಂಡನಿಗೆ ಹೇಳಿ ಗಾಡಿ ಗೊತ್ತು ಮಾಡಿಸಿದ್ದಳು. ಒಂದು ಬೆಳಿಗ್ಗೆ ಜಗುಲಿಯ ಮೇಲೆ ಅಜ್ಜಿ ಮೊಮ್ಮಗಳು ಅವರೆಕಾಯಿ ಬಿಡಿಸುತ್ತಿದ್ದರು. ಸಿದ್ದಗಂಗಮ್ಮ ಸುಮ್ಮನೆ ಮಾತಿಗೆಂಬಂತೆ, ಸುತ್ತ ಹಳ್ಳಿಗೆಲ್ಲ ನೀನೇ ಹೆರಿಗೆ ಮಾಡಿಸುತ್ತಿದ್ದೆಯಂತಲ್ಲ, ಯಾಕೆ ಬಿಟ್ಟೆ ಎಂದಳು.

ಬಸವಮ್ಮ ಕೈ ನಡುಗುತ್ತದೆ ಎನ್ನಲು ಬಾಯಿ ತೆರೆದಳು. ಹುಡುಗಿಯ ತುಂಬಿದ ಹೊಟ್ಟೆಯನ್ನು ನೋಡಿ ಆ ಮಾತು ಹೊರಡಲಿಲ್ಲ. ಕಾಯಿ ಬಿಡಿಸುತ್ತಲೇ ಎಲ್ಲವನ್ನೂ ಹೇಳಿದಳು. ಗಂಜಿ ಇಟ್ಟದ್ದು, ಸರಪಳಿ ಎತ್ತಿದ್ದು, ಕೆರೆ ಏರಿಯಿಂದ ತಿರುಗಿ ಹೋದದ್ದು, ಸೊಸೆ ಸತ್ತಿರಲಿ ಎಂದು ಬಯಸಿದ್ದು, ನಾಯಿಯ ಸುಳ್ಳು. ಸಿದ್ದಗಂಗಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದಳು.

"ಅವ್ವನ ಆ ಕೂಸು ಹೆಣ್ಣಾ, ಗಂಡಾ?" ಎಂದು ಕೇಳಿದಳು.

ಬಸವಮ್ಮನಿಗೆ ಗೊತ್ತಿರಲಿಲ್ಲ. ಆ ದಿನ ಬದರುನ್ನೀಸಾ ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ಆಮೇಲೆ ಇಷ್ಟು ವರ್ಷ ಒಂದೇ ಒಲೆಯ ಅಡಿಗೆ ಉಂಡು, ಒಂದೇ ಸೂರಿನಡಿ ಮಲಗಿ, ಎಂದೂ ಕೇಳಿರಲಿಲ್ಲ. ಊರಿನ ಎಷ್ಟೋ ಮನೆಯ ಯಾವ ಮಗು ಯಾವಾಗ ಹುಟ್ಟಿತೆಂದು ಹೇಳಬಲ್ಲವಳು ತನ್ನ ಮಗನ ಮೊದಲ ಕೂಸು ಹೆಣ್ಣೋ ಗಂಡೋ ತಿಳಿಯದೆ ಕೂತಿದ್ದಳು. ಸಿದ್ದಗಂಗಮ್ಮ ಅವಳ ಮುಖ ನೋಡಿದಳು. ಅರ್ಥವಾದ ಮೇಲೆ ಮೊರವನ್ನು ಸರಿಸಿ, ಕಷ್ಟಪಟ್ಟು ಎದ್ದು ಒಳಗೆ ಹೋದಳು.

ಬಸವಮ್ಮ ಹಿತ್ತಲಿಗೆ ಹೋದಳು. ಶಿವರುದ್ರಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅವಳ ತಲೆಯಲ್ಲೂ ನರೆ ಕಾಣಿಸಿಕೊಂಡಿತ್ತು.

"ಶಿವರುದ್ರಿ, ನಿನ್ನ ಆ ಕೂಸು... ಏನಾಗಿತ್ತವ್ವ, ಹೆಣ್ಣಾ ಗಂಡಾ?"

ಶಿವರುದ್ರಮ್ಮ ಹುಲ್ಲಿನ ಹೊರೆಯನ್ನು ಕೆಳಗಿಟ್ಟಳು.

"ಈಗ ಕೇಳ್ತಿದೀರಾ?" ಎಂದಳು. ಆಮೇಲೆ, "ಹೆಣ್ಣು. ತಲೆ ತುಂಬ ಕೂದ್ಲಿತ್ತು. ನಿಮ್ಮ ಹಂಗೆ ಅಗಲ ಹಣೆ" ಎಂದಳು.

"ನಾಯಿ ಅಂದಿದ್ದು ಸುಳ್ಳು ಕಣವ್ವ. ನೀನು ಹಿಂದೇನೇ ಬಂದ್ಬುಡ್ತೀಯ ಅಂತ ಹಾಕ್ದೆ."

"ಗೊತ್ತು" ಎಂದು ಶಿವರುದ್ರಮ್ಮ ಮತ್ತೆ ಹೊರೆ ಎತ್ತಿಕೊಂಡಳು. "ಗಂಗಿಗೆ ಹಾಲು ಕೊಟ್ಟಿದ್ದು ನಿಮ್ಮ ಮುಖ ನೋಡಿ ಅಲ್ಲ ಅತ್ತೆ. ಅದು ಅಳ್ತಿತ್ತು, ಕೊಟ್ಟೆ."

ಕ್ಷಮಿಸಿದೆ ಎನ್ನಲಿಲ್ಲ. ಬಸವಮ್ಮ ಕೇಳಲೂ ಇಲ್ಲ. ಬಾಷಾ ಸಾಬ್ ಎಲ್ಲಿ ಹೂಳಿದ ಎಂದು ಮಾತ್ರ ಕೇಳಿದಳು. ಊರ ಮಗ್ಗುಲಿನ ತಮ್ಮ ಇನ್ನೊಂದು ಹೊಲದ ಬದುವಿನ ಹೊಂಗೆಯ ಬುಡದಲ್ಲಿ ಎಂದು ಶಿವರುದ್ರಮ್ಮ ಹೇಳಿದಳು. ಬಸವಮ್ಮ ಎಷ್ಟೋ ಸುಗ್ಗಿಗಳಲ್ಲಿ ಆ ನೆರಳಲ್ಲಿ ಕೂತು ಬುತ್ತಿ ಉಂಡಿದ್ದಳು.

ಸಿದ್ದಗಂಗಮ್ಮ ಆಸ್ಪತ್ರೆಯಲ್ಲಿ ಗಂಡು ಹೆತ್ತಳು. ತಾಯಿ ಮಗು ಚೆನ್ನಾಗಿದ್ದರು. ಗಾಡಿ ಮನೆಗೆ ಬಂದಾಗ ಬಸವಮ್ಮ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಹೋಗುವ ಮುಂಚಿನಿಂದಲೂ ಮೊಮ್ಮಗಳು ಅವಳೊಂದಿಗೆ ಮಾತು ಬಿಟ್ಟಿದ್ದಳು. ಬಂದ ಮೇಲೂ ಆಡಲಿಲ್ಲ. ಅಕ್ಕಪಕ್ಕದ ಹೆಂಗಸರೆಲ್ಲ ಒಳಗೆ ಹೋಗಿ ಮಗುವನ್ನು ನೋಡಿ ಬಂದರು. ಬಸವಮ್ಮ ಹೋಗಲಿಲ್ಲ. ಸಂಜೆ ಜನ ಕರಗಿದ ಮೇಲೆ ಕೋಣೆಯ ಬಾಗಿಲಿಗೆ ಬಂದು, ಒಂದು ಸಲ ಎತ್ತಿಕೊಳ್ಳಲೇ ಎಂದಳು.

ಸಿದ್ದಗಂಗಮ್ಮ ಮುಖ ತಿರುಗಿಸದೆ, "ಅವ್ವನ್ನ ಕೇಳು" ಎಂದಳು.

ಶಿವರುದ್ರಮ್ಮ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಯಾರೇ ಮುಟ್ಟಿದರೂ ಸೋಪು ಹಚ್ಚಿ ಕೈ ತೊಳೆದೇ ಮುಟ್ಟಬೇಕೆಂದು ನರ್ಸಮ್ಮ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು.

"ಕೈ ತೊಳ್ಕೊಂಡು ಬಂದು ಎತ್ಕೊಳ್ಳಿ" ಎಂದಳು.

ಬಸವಮ್ಮ ಬಚ್ಚಲಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬಂದಳು. ಮಗುವನ್ನು ಎತ್ತಿ ಅದರ ತಲೆಗೆ ಅಂಗೈ ಕೊಟ್ಟು ಹಿಡಿದಳು. ಯಾರ ಮುಖವನ್ನೂ ನೋಡಲಿಲ್ಲ. ಅದಾದ ಮೇಲೆ ಅವಳು ನಾಲ್ಕೈದು ವರ್ಷ ಬದುಕಿದ್ದಳು. ಸಿದ್ದಗಂಗಮ್ಮ ಬಂದು ಹೋಗಿ ಮಾಡುತ್ತಿದ್ದಳು, ಕ್ರಮೇಣ ಕೆಲಸಕ್ಕೆ ಬೇಕಾದಷ್ಟು ಮಾತೂ ಆಡುತ್ತಿದ್ದಳು. ಕೊನೆಯಲ್ಲಿ ಬಸವಮ್ಮ ಹಾಸಿಗೆ ಹಿಡಿದಾಗ ಶಿವರುದ್ರಮ್ಮನೇ ಎಲ್ಲ ಸೇವೆ ಮಾಡಿದಳು. ಎಂಥ ಸೊಸೆ ಎಂದು ನೋಡಲು ಬಂದವರು ಹೇಳಿದಾಗಲೆಲ್ಲ ಬಸವಮ್ಮ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು.